ಫೋನಿನ ಜಗಲಿಯಲ್ಲಿ ನಿಂತು

(ಮಹಿಳಾ ವೇದಿಕೆಯ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ)



ವೇದಿಕೆಯವರು ನನ್ನನ್ನು ಕರೆದಾಗ, "ನಿಮ್ಮ ಕೆಲಸದ ಬಗ್ಗೆಯೇ ಮಾತಾಡಿ, ಆದರೆ ನಮಗೆಲ್ಲ ಅರ್ಥವಾಗುವ ಹಾಗೆ ಮಾತಾಡಿ" ಎಂದರು. ನನ್ನ ಕೆಲಸ ಫೋನಿನ ಪರದೆಗಳ ವಿನ್ಯಾಸ. ಯಾವ ಗುಂಡಿ ಎಲ್ಲಿರಬೇಕು, ಒತ್ತಿದ ಕೂಡಲೇ ಕೆಲಸ ನಡೆಯಬೇಕೋ ಅಥವಾ ಫೋನು ಒಮ್ಮೆ "ನಿಜವಾಗಿಯೂ?" ಎಂದು ಕೇಳಬೇಕೋ, ಇಂಥ ಸಣ್ಣ ಸಣ್ಣ ವಿಷಯಗಳಿಗೆ ದಿನವಿಡೀ ಜಗಳ ಆಡುವವರ ಗುಂಪಿನಲ್ಲಿ ನಾನೂ ಒಬ್ಬಳು. ಇವತ್ತು ಒಂದೇ ಒಂದು ಪರದೆಯ ಬಗ್ಗೆ ಹೇಳುತ್ತೇನೆ. ನಾವು ದಿನಕ್ಕೆ ಹತ್ತಾರು ಸಲ ನೋಡುತ್ತೇವೆ, ಆದರೆ ಗಮನಿಸುವುದಿಲ್ಲ. ಅದೇ ಲಾಕ್ ಸ್ಕ್ರೀನ್.

ಲಾಕ್ ಎಂದರೆ ಬೀಗ, ಹಾಗಾಗಿ ಅದನ್ನು ಬಾಗಿಲು ಅಂದುಕೊಳ್ಳುತ್ತೇವೆ. ನನ್ನನ್ನು ಕೇಳಿದರೆ ಅದು ಈಗ ಬಾಗಿಲಲ್ಲ, ಜಗಲಿ. ಊರ ಮನೆಗಳನ್ನು ನೆನಪಿಸಿಕೊಳ್ಳಿ. ಬಂದವರೆಲ್ಲರೂ ಒಳಗೆ ಬರುವುದಿಲ್ಲ. ಪೋಸ್ಟಿನವನು, ಹಾಲಿನವಳು, ಮದುವೆಗೆ ಕರೆಯಲು ಬಂದವರು, ಎಲ್ಲರೂ ಜಗಲಿಯಲ್ಲೇ ಕೂತು ಮಾತಾಡಿ, ನೀರು ಕುಡಿದು ಹೋಗುತ್ತಾರೆ. ನಮ್ಮ ಫೋನಿನ ಬೀಗದ ಪರದೆಯೂ ಹಾಗೇ ಆಗಿದೆ. ವಾಟ್ಸ್ಆ್ಯಪ್ ಸಂದೇಶ ಅಲ್ಲಿ ಬಂದು ಕೂರುತ್ತದೆ, ಬ್ಯಾಂಕಿನ ಓಟಿಪಿ ಕೂರುತ್ತದೆ, ನಾವು ಒಳಬಾಗಿಲು ತೆರೆಯದೆ ಅಲ್ಲಿಂದಲೇ ಉತ್ತರವನ್ನೂ ಕೊಡುತ್ತೇವೆ. ಜಗಲಿಯಲ್ಲಿ ಯಾರು ಏನು ಮಾಡಬಹುದು ಅನ್ನುವ ಪ್ರಶ್ನೆ ಹುಟ್ಟುವುದು ಇಲ್ಲೇ.

ಮೊದಲು ಹೀಗಿರಲಿಲ್ಲ. ನೋಕಿಯಾ 1100 ನೆನಪಿದೆಯಲ್ಲ? 2003ರಲ್ಲಿ ಬಂದದ್ದು, ತಲೆಯಲ್ಲಿ ಟಾರ್ಚ್ ಇತ್ತು, ಕರೆಂಟು ಹೋದಾಗ ಅಡುಗೆಮನೆಗೆ ಅದೇ ದೀಪ. ಆ ಕಾಲದ ನೋಕಿಯಾಗಳಲ್ಲಿ ಬೀಗ ತೆಗೆಯಲು ಮೊದಲು ಪರದೆಯ ಕೆಳಗಿನ ಗುಂಡಿ ಒತ್ತಬೇಕು, ತಕ್ಷಣ ಸ್ಟಾರ್ ಗುಂಡಿ ಒತ್ತಬೇಕು. ಇದರಲ್ಲಿ ಪಾಸ್‌ವರ್ಡ್ ಇಲ್ಲ, ಗುಟ್ಟೂ ಇಲ್ಲ. ಕಳ್ಳನಿಗೂ ಗೊತ್ತು, ಮಗುವಿಗೂ ಗೊತ್ತು. ಆ ಬೀಗ ಇದ್ದದ್ದು ಮನುಷ್ಯರ ವಿರುದ್ಧ ಅಲ್ಲ, ಜೇಬಿನ ವಿರುದ್ಧ! ಎರಡು ಬೇರೆ ಬೇರೆ ಗುಂಡಿ, ದೂರ ದೂರ, ಇಂಥದೇ ಕ್ರಮದಲ್ಲಿ. ಬ್ಯಾಗಿನ ಒಳಗಿನ ಬೀಗದ ಕೈಯೋ ಬಾಚಣಿಗೆಯೋ ಆಕಸ್ಮಿಕವಾಗಿ ಈ ಕ್ರಮದಲ್ಲಿ ಒತ್ತುವ ಸಂಭವ ಬಹಳ ಕಮ್ಮಿ. ಎಷ್ಟು ಸರಳ ಉಪಾಯ ನೋಡಿ. 2007ರಲ್ಲಿ ಐಫೋನ್ ಬಂದಾಗ ಗುಂಡಿಗಳು ಹೋದವು, ಆದರೆ ಆಲೋಚನೆ ಅದೇ ಉಳಿಯಿತು: ಎಡದಿಂದ ಬಲಕ್ಕೆ ಜಾರಿಸಿ. ಸುಮ್ಮನೆ ತಾಗಿದರೆ ಆಗದು, ಬೇಕೆಂದೇ ಎಳೆಯಬೇಕು.

ಗಾಜಿನ ಪರದೆ ಬಂದಮೇಲೆ ಜೇಬಿನ ಕಾಟ ಹೆಚ್ಚಾಯಿತು. ಈ ಪರದೆ ಒತ್ತಡವನ್ನು ಅಳೆಯುವುದಿಲ್ಲ. ಗಾಜಿನ ಕೆಳಗೆ ಕಣ್ಣಿಗೆ ಕಾಣದ, ವಿದ್ಯುತ್ ಹರಿಯುವ ಒಂದು ಪದರವಿದೆ. ನಮ್ಮ ದೇಹದಲ್ಲಿ ನೀರು, ಉಪ್ಪು ಇರುವುದರಿಂದ ಬೆರಳು ಹತ್ತಿರ ಬಂದಾಗ ಅಲ್ಲಿನ ವಿದ್ಯುತ್ ಸ್ವಲ್ಪ ಬದಲಾಗುತ್ತದೆ. ಫೋನು ಅದನ್ನೇ ಸ್ಪರ್ಶ ಎಂದು ತಿಳಿಯುತ್ತದೆ. ಹಾಗಾಗಿ ಜನವರಿಯ ದೆಹಲಿ ಚಳಿಯಲ್ಲಿ ಉಣ್ಣೆಯ ಕೈಗವಸು ಹಾಕಿಕೊಂಡು ಎಷ್ಟು ಒತ್ತಿದರೂ ಫೋನಿಗೆ ಗೊತ್ತಾಗುವುದಿಲ್ಲ. ಆದರೆ ಆಗಸ್ಟಿನ ಸೆಕೆಯಲ್ಲಿ ಬೆವರಿನಿಂದ ಒದ್ದೆಯಾದ ತೆಳು ಬಟ್ಟೆಯ ಆಚೆಯಿಂದಲೂ ಮೈಯ ಸ್ಪರ್ಶ ಅದಕ್ಕೆ ಗೊತ್ತಾಗಿಬಿಡಬಹುದು. ನಮ್ಮ ಮನೆಗಳಿಗೆ ಕೆಲಸಕ್ಕೆ ಬರುವ ಹೆಣ್ಣುಮಕ್ಕಳು ಫೋನನ್ನು ರವಿಕೆಯೊಳಗೋ ಸೊಂಟಕ್ಕೋ ಸಿಕ್ಕಿಸಿಕೊಂಡಿರುತ್ತಾರೆ. ಸಲ್ವಾರಿಗೆ ಜೇಬಿಲ್ಲ, ಸೀರೆಗೆ ಜೇಬಿಲ್ಲ. ಗಂಡಸರ ಪ್ಯಾಂಟಿನ ಜೇಬನ್ನು ಮನಸ್ಸಿನಲ್ಲಿಟ್ಟುಕೊಂಡು ಮಾಡಿದ ಲೆಕ್ಕ ನಮ್ಮ ಮೈಗೆ, ನಮ್ಮ ಬ್ಯಾಗಿಗೆ ಹೊಂದುವುದಿಲ್ಲ. ಇದನ್ನು ನಾನು ಆಫೀಸಿನಲ್ಲಿ ಹೇಳಿ ಹೇಳಿ ಸಾಕಾಗಿದ್ದೇನೆ.

ಇದಕ್ಕೆ ಪರಿಹಾರಗಳಿವೆ. ಫೋನಿನ ತಲೆಯ ಬಳಿ ಇರುವ ಸಂವೇದಕ ತನ್ನ ಮುಂದೆ ಏನೋ ಅಡ್ಡ ಇದೆ ಎಂದು ತಿಳಿದರೆ ಫೋನು "ನಾನು ಬ್ಯಾಗಿನಲ್ಲಿದ್ದೇನೆ" ಎಂದುಕೊಂಡು ಪರದೆಯನ್ನು ಬೆಳಗಿಸುವುದಿಲ್ಲ. ಅಂಗೈಯಷ್ಟು ಅಗಲದ ಸ್ಪರ್ಶ ಬಂದರೆ ಅದು ಬೆರಳಲ್ಲ ಎಂದು ತಳ್ಳಿಹಾಕುತ್ತದೆ. ಸ್ಯಾಮ್‌ಸಂಗ್ ಫೋನುಗಳಲ್ಲಿ "ಆ್ಯಕ್ಸಿಡೆಂಟಲ್ ಟಚ್ ಪ್ರೊಟೆಕ್ಷನ್" ಎಂಬ ಆಯ್ಕೆಯೇ ಇದೆ. ನಿಮ್ಮಲ್ಲಿ ಕೆಲವರ ಫೋನು ಇಲ್ಲೇ ನೋಯ್ಡಾ ಸೆಕ್ಟರ್ 81ರ ಕಾರ್ಖಾನೆಯಲ್ಲಿ ತಯಾರಾಗಿರಬಹುದು. ಮನೆಗೆ ಹೋಗಿ ಸೆಟ್ಟಿಂಗ್ಸ್‌ನಲ್ಲಿ ಹುಡುಕಿ ನೋಡಿ.

ಈಗ ಉತ್ತರ ಕೊಡುವ ವಿಷಯಕ್ಕೆ ಬರೋಣ. ಐಫೋನಿನಲ್ಲಿ 2014ರಿಂದ, ಆಂಡ್ರಾಯ್ಡ್‌ನಲ್ಲಿ 2016ರಿಂದ ಸೂಚನೆಯೊಳಗೇ ಉತ್ತರ ಬರೆದು ಕಳಿಸುವ ಸೌಕರ್ಯ ಇದೆ. ಇದನ್ನು ನಾನು ತಿರಸ್ಕರಿಸುವವಳಲ್ಲ. ಬ್ಲೂ ಲೈನ್ ಮೆಟ್ರೋದಲ್ಲಿ ಸಂಜೆ ಆರೂವರೆಗೆ ಮೊದಲ ಬೋಗಿ, ಅಂದರೆ ನಮ್ಮ ಮಹಿಳೆಯರ ಬೋಗಿಯಲ್ಲಿ ನಿಂತಿರುವವಳನ್ನು ಊಹಿಸಿಕೊಳ್ಳಿ. ಒಂದು ಕೈ ಮೇಲಿನ ಹಿಡಿಗೆ, ಹೆಗಲಲ್ಲಿ ಆಫೀಸಿನ ಚೀಲ, ಮೊಣಕೈಗೆ ತರಕಾರಿಯ ಚೀಲ. ಫೋನು ಗುಂಯ್ ಎನ್ನುತ್ತದೆ. "ಹೊರಟೆಯಾ?" ಎಂದು ಅಮ್ಮ ಧಾರವಾಡದಿಂದ. ಮತ್ತೆ ಗುಂಯ್. "ಎಲ್ಲಿದ್ದೀಯ?" ಎಂದು ಗಂಡ. ಉಳಿದಿರುವುದು ಒಂದೇ ಹೆಬ್ಬೆರಳು. ಆ ಹೆಬ್ಬೆರಳಿಗಾಗಿಯೇ ಜಗಲಿಯ ಉತ್ತರ ಹುಟ್ಟಿದ್ದು.

ಆದರೆ ಅದೇ ಹೆಬ್ಬೆರಳು ಜಾರುತ್ತದೆ. ಈಗಿನ ಫೋನುಗಳು ಸಂದೇಶದ ಕೆಳಗೆ ತಾವೇ ಸಿದ್ಧ ಉತ್ತರ ಜೋಡಿಸಿಡುತ್ತವೆ: ಓಕೆ, ಥ್ಯಾಂಕ್ಸ್, ಒಂದು ಹೆಬ್ಬೆಟ್ಟು. ಒಂದು ಸಲ ತಾಗಿದರೆ ಕೆಲವು ಕಡೆ ಅದು ಹೋಗಿಯೇ ಬಿಡುತ್ತದೆ, ಮರುಪ್ರಶ್ನೆ ಇಲ್ಲ. ನನ್ನ ಪರಿಚಯದ ಒಬ್ಬರು, ಸಂಬಂಧಿಕರು ತೀರಿಕೊಂಡ ಸುದ್ದಿಗೆ ಹೆಬ್ಬೆಟ್ಟು ಎತ್ತಿದ ಚಿತ್ರ ಕಳಿಸಿ, ಅದನ್ನು ಅಳಿಸುವುದರೊಳಗೆ ಇಡೀ ಗುಂಪು ನೋಡಿ, ಆಮೇಲೆ ಹನ್ನೆರಡನೆಯ ದಿನ ಮುಖ ತೋರಿಸುವುದೇ ಕಷ್ಟವಾಯಿತು. ತಪ್ಪು ಅವರದಲ್ಲ. ಕಳಿಸುವ ಗುಂಡಿಯನ್ನು ಜಾರುವ ಹೆಬ್ಬೆರಳಿನ ದಾರಿಯಲ್ಲಿ ಇಟ್ಟವರದು. ಅಂದಹಾಗೆ ಆ ಸಿದ್ಧ ಉತ್ತರಗಳು ಕನ್ನಡದಲ್ಲಿ ಬಂದದ್ದನ್ನು ನನ್ನ ಫೋನಿನಲ್ಲಿ ನಾನು ಇನ್ನೂ ನೋಡಿಲ್ಲ.

ಕನ್ನಡಕ್ಕೆ ಇನ್ನೊಂದು ತೊಂದರೆ ಇದೆ. ಜಗಲಿಯ ಮೇಲೆ ಸಂದೇಶ ಪೂರ್ತಿ ಕಾಣುವುದಿಲ್ಲ, ಸಾಲು ತುಂಬಿದ ಮೇಲೆ ಮೂರು ಚುಕ್ಕಿ. ಇಂಗ್ಲಿಷಿನಲ್ಲಿ "ಇಲ್ಲ" ಅನ್ನುವುದು ಸಾಮಾನ್ಯವಾಗಿ ವಾಕ್ಯದ ಮೊದಲ ಭಾಗದಲ್ಲೇ ಬಂದುಬಿಡುತ್ತದೆ. ನಮ್ಮಲ್ಲಿ ಕ್ರಿಯಾಪದ ಬರುವುದು ಕೊನೆಗೆ, ಹೌದೋ ಅಲ್ಲವೋ ಎಂಬುದು ಅದರ ಬಾಲದಲ್ಲಿ. "ನಾಳೆ ಬೆಳಗ್ಗೆ ಡಾಕ್ಟರು ಬಂದಮೇಲೆ ಅಪ್ಪನನ್ನು ಮನೆಗೆ ಕಳಿಸು…" ಎಂದು ನಿಂತರೆ ಅದು ಕಳಿಸುತ್ತಾರೋ, ಕಳಿಸುವುದಿಲ್ಲವೋ? ಅರ್ಧ ಓದಿ ಹೆಬ್ಬೆರಳಿನಿಂದ "ಓಕೆ, ಗುಡ್" ಎಂದು ಕಳಿಸಿದಿರೋ, ಕಥೆ ಮುಗಿಯಿತು. ಜೊತೆಗೆ ಕೆಲವು ಫೋನುಗಳಲ್ಲಿ ಸಾಲಿನ ಎತ್ತರ ಸಾಲದೆ ಒತ್ತಕ್ಷರದ ಕಾಲು ಕತ್ತರಿಸಿಹೋಗುತ್ತದೆ. ಇದನ್ನು ಸರಿಮಾಡುವುದು ಕಷ್ಟವಲ್ಲ. ಭಾರತೀಯ ಲಿಪಿಗಳಿಗೆ ಇನ್ನೊಂದು ಸಾಲು ಜಾಗ ಕೊಡಬೇಕು, ಅಷ್ಟೆ. ಕೇಳುವವರು ಬೇಕು.

ಕನ್ನಡದಿಂದ ಒಂದು ಲಾಭವೂ ಇದೆ ಅನ್ನಿ. ಮೆಟ್ರೋದಲ್ಲಿ ಪಕ್ಕದವಳು ನಮ್ಮ ಫೋನಿನೊಳಗೆ ಇಣುಕಿದರೂ ನಾದಿನಿಯ ಬಗ್ಗೆ ನಾವು ಅಕ್ಕನಿಗೆ ಬರೆದದ್ದು ಅವಳಿಗೆ ಓದಲು ಬರುವುದಿಲ್ಲ. ದೆಹಲಿಯಲ್ಲಿ ಕನ್ನಡವೇ ಒಂದು ಬೀಗ. ಓಟಿಪಿಯ ಅಂಕಿಗಳಿಗೆ ಮಾತ್ರ ಆ ರಕ್ಷಣೆ ಇಲ್ಲ.

ಇಷ್ಟು ಹೊತ್ತು ಹೇಳಿದ್ದು ಮುಜುಗರದ ಮಾತು. ಇನ್ನು ಹೇಳುವುದು ಅದಕ್ಕಿಂತ ದೊಡ್ಡದು.

ರಾತ್ರಿ ಹತ್ತೂವರೆಗೆ ಕ್ಯಾಬಿನಲ್ಲಿ ಹೊರಟ ಮಗಳಿಗೆ ನಾವು ಕಳಿಸುವ ಸಂದೇಶ ಯಾವುದು? "ತಲುಪಿದೆಯಾ?" ಈ ಊರಿನಲ್ಲಿ ಹೆಣ್ಣುಮಕ್ಕಳಿರುವ ಪ್ರತಿ ಮನೆಯೂ ಈ ಒಂದು ಪದವನ್ನು ಕಳಿಸುತ್ತದೆ. ಆ ಕಡೆಯಿಂದ "ತಲುಪಿದೆ" ಎಂದು ಬಂದರೆ ನಾವು ದೀಪ ಆರಿಸಿ ಮಲಗುತ್ತೇವೆ. ಈಗ ಯೋಚಿಸಿ. ಅವಳ ಫೋನು ಬೀಗ ತೆರೆಯದೆಯೇ ಉತ್ತರ ಕಳಿಸಲು ಬಿಡುವಂಥದ್ದಾದರೆ, ಆ "ತಲುಪಿದೆ" ಬರೆದದ್ದು ಅವಳೇ ಎನ್ನುವುದಕ್ಕೆ ಏನು ಸಾಕ್ಷಿ? ಫೋನು ಯಾರ ಕೈಯಲ್ಲಿದೆಯೋ ಅವರು ಬರೆಯಬಹುದು. ಜಗಲಿಯ ಮೇಲೆ ಕೂತ ಅಪರಿಚಿತ, ಮನೆಯೊಡತಿಯ ದನಿಯಲ್ಲಿ "ಎಲ್ಲ ಕ್ಷೇಮ" ಎಂದು ಕೂಗಿದಂತೆ. ಕಳೆದುಹೋದ ಫೋನಿನಿಂದ ಬಂದ ಉತ್ತರ ನಂಬಿ ಒಬ್ಬ ತಾಯಿ ಬೆಳಗಿನ ತನಕ ಸುಮ್ಮನಿದ್ದರೆ ಆ ಹೊತ್ತು ಮತ್ತೆ ಸಿಗುವುದಿಲ್ಲ.

ಅದಕ್ಕೇ ನನ್ನ ಅಭಿಪ್ರಾಯ ಗಟ್ಟಿ: ನಮ್ಮ ಹೆಸರಿನಲ್ಲಿ ಹೋಗುವ ಮಾತಿಗೆ ನಮ್ಮ ಬೆರಳಚ್ಚೋ ಮುಖವೋ ಬೇಕು. ಸಂದೇಶ ಬಂದಿದೆ ಎಂದು ಜಗಲಿಯಲ್ಲಿ ಕಾಣಲಿ, ಉತ್ತರ ಮಾತ್ರ ಒಳಗಿನಿಂದ ಬರಲಿ. ಇದು ಅಸಾಧ್ಯವೇನಲ್ಲ. 2021ರಲ್ಲಿ ಬಂದ ಆಂಡ್ರಾಯ್ಡ್ 12ರಿಂದ, ಸೂಚನೆಯ ಒಂದು ಗುಂಡಿಗೆ "ಬೀಗ ತೆರೆಯದೆ ಇದು ನಡೆಯಬಾರದು" ಎಂದು ಆ್ಯಪ್ ಮಾಡುವವರು ಗುರುತು ಹಾಕಬಹುದು. ಬೆರಳಚ್ಚಿನ ಸಂವೇದಕ ಪರದೆಯ ಕೆಳಗೇ ಇರುವ ಫೋನುಗಳಲ್ಲಂತೂ ಅದಕ್ಕೆ ಕಾಲು ಸೆಕೆಂಡಿನ ಶ್ರಮವೂ ಇಲ್ಲ. ಮೆಟ್ರೋದ ಹೆಬ್ಬೆರಳಿಗೂ ಇದರಿಂದ ಕಷ್ಟವಿಲ್ಲ.

ಆದರೆ ಇದೇ ನಿಯಮವನ್ನು ಸಹಾಯದ ಕೂಗಿಗೆ ಹಚ್ಚುವ ಹಾಗಿಲ್ಲ. ಅಲ್ಲಿ ಎಲ್ಲವೂ ತಿರುಗುಮುರುಗು. ಕೈ ನಡುಗುತ್ತಿರುತ್ತದೆ, ಬೆರಳು ಒದ್ದೆಯಾಗಿರುತ್ತದೆ, ಮುಖ ಕತ್ತಲಲ್ಲಿರುತ್ತದೆ. ಬೀಗ ಕೇಳಲೇಬಾರದು.

2012ರ ಡಿಸೆಂಬರ್ 16ರ ರಾತ್ರಿಯನ್ನು ಈ ಊರಿನವರಿಗೆ ನಾನು ನೆನಪಿಸಬೇಕಾಗಿಲ್ಲ. ಮುನಿರ್ಕಾದ ಆ ಬಸ್ ನಿಲ್ದಾಣದ ಮುಂದೆ ನಾವೆಲ್ಲ ಎಷ್ಟು ಸಲ ಹಾದುಹೋಗಿದ್ದೇವೆ. ಅದಾದ ಮೇಲೆ 2013ರ ಬಜೆಟ್ಟಿನಲ್ಲಿ 1000 ಕೋಟಿ ರೂಪಾಯಿಯ ನಿರ್ಭಯಾ ನಿಧಿ ಬಂತು. 2015ರ ಜನವರಿ 1ರಂದು ದೆಹಲಿ ಪೊಲೀಸರು ಹಿಮ್ಮತ್ ಎಂಬ ಆ್ಯಪ್ ತಂದರು. ಉದ್ದೇಶ ಒಳ್ಳೆಯದೇ, ಆದರೆ ಮೊದಲು ಡೌನ್‌ಲೋಡ್ ಮಾಡಬೇಕು, ನೋಂದಾಯಿಸಬೇಕು. ಮಾಡಿಸಿಕೊಂಡವರು ಕಡಿಮೆ. ಆಪತ್ತು ಬರುತ್ತದೆ ಎಂದು ಮೊದಲೇ ಯೋಚಿಸಿ ತಯಾರಾಗಿರುವವಳಿಗಷ್ಟೇ ಸಿಗುವ ಸಹಾಯ ಸಾಲದು.

ಹಾಗಾಗಿ 2016ರ ಏಪ್ರಿಲ್‌ನಲ್ಲಿ ಕೇಂದ್ರ ದೂರಸಂಪರ್ಕ ಇಲಾಖೆ ಒಂದು ನಿಯಮ ಹೊರಡಿಸಿತು. 2017ರ ಜನವರಿ 1ರಿಂದ ದೇಶದಲ್ಲಿ ಮಾರುವ ಪ್ರತಿ ಫೋನಿನಲ್ಲೂ ಪ್ಯಾನಿಕ್ ಬಟನ್ ಇರಬೇಕು. ಸಾದಾ ಫೋನಿನಲ್ಲಿ 5 ಅಥವಾ 9ರ ಗುಂಡಿ. ಸ್ಮಾರ್ಟ್‌ಫೋನಿನಲ್ಲಿ ಎಮರ್ಜೆನ್ಸಿ ಗುಂಡಿಯನ್ನು ಒತ್ತಿ ಹಿಡಿಯುವುದು, ಇಲ್ಲವೇ ಪವರ್ ಬಟನ್ನನ್ನು ಬೇಗಬೇಗ ಮೂರು ಸಲ ಒತ್ತುವುದು. 5ರ ಗುಂಡಿಯನ್ನು ಆರಿಸಿದ್ದು ನನಗೆ ಇಷ್ಟ. ಅದರ ಮೇಲೆ ಸಣ್ಣ ಉಬ್ಬು ಇರುತ್ತದೆ, ಬ್ಯಾಗಿನೊಳಗೆ ಕೈ ಹಾಕಿ ನೋಡದೆಯೂ ಸಿಗುತ್ತದೆ. ಹೀಗೆ ಹೊರಟ ಕರೆ ಸೇರುವುದು 112ಕ್ಕೆ.

ಇಲ್ಲಿ ನಮ್ಮ ಹಳೆಯ ಶತ್ರು, ಬ್ಯಾಗು, ಮತ್ತೆ ಬರುತ್ತದೆ. ಎಷ್ಟೋ ಫೋನುಗಳಲ್ಲಿ ಪವರ್ ಬಟನ್ ಎರಡು ಸಲ ಒತ್ತಿದರೆ ಕ್ಯಾಮೆರಾ ತೆರೆಯುತ್ತದೆ. ಮೂರು ಸಲ ಒತ್ತಿದರೆ ಪೊಲೀಸರು! ಮಗುವಿನ ಫೋಟೋಗೂ ಪೊಲೀಸರಿಗೂ ನಡುವೆ ಒಂದೇ ಒತ್ತು. ಗೂಗಲ್‌ನವರು ತಮ್ಮ ಎಮರ್ಜೆನ್ಸಿ ಎಸ್‌ಓಎಸ್‌ಗೆ ಐದು ಒತ್ತು ಇಟ್ಟರು. ಅದೂ ಸಾಲಲಿಲ್ಲ. 2023ರ ಜೂನ್‌ನಲ್ಲಿ ಬ್ರಿಟನ್ನಿನ ಪೊಲೀಸರು, ಆಂಡ್ರಾಯ್ಡ್ ಫೋನುಗಳ ಈ ಸೌಕರ್ಯದಿಂದ 999ಕ್ಕೆ ಮಾತಿಲ್ಲದ ಕರೆಗಳು ವಿಪರೀತ ಹೆಚ್ಚಿವೆ ಎಂದು ಸಾರ್ವಜನಿಕವಾಗಿ ಹೇಳಬೇಕಾಯಿತು. ಮಾತಿಲ್ಲದ ಕರೆಯನ್ನು ಸುಮ್ಮನೆ ಬಿಡುವಂತಿಲ್ಲ. ಅದು ಬ್ಯಾಗಿನ ಕರೆಯೋ, ಬಾಯಿ ಬಿಡಲಾಗದ ಹೆಂಗಸಿನ ಕರೆಯೋ? ಅವರು ಅದಕ್ಕೊಂದು ಉಪಾಯ ಮಾಡಿಕೊಂಡಿದ್ದಾರೆ. ಮೊಬೈಲಿನಿಂದ ಕರೆ ಮಾಡಿ ಮಾತಾಡಲಾಗದವರು, ಹೇಳಿದಾಗ 55 ಒತ್ತಬೇಕು. ಬ್ಯಾಗು 55 ಒತ್ತುವುದಿಲ್ಲ. ನೋಕಿಯಾದ ಸ್ಟಾರ್ ಗುಂಡಿಯ ಬುದ್ಧಿವಂತಿಕೆಯೇ ಇದು.

ನನಗೆ ಅತ್ಯಂತ ಕಷ್ಟವೆನಿಸುವುದು ಸದ್ದಿನ ಪ್ರಶ್ನೆ. ತಪ್ಪಿ ಒತ್ತಿದ್ದು ನಮಗೆ ತಿಳಿಯಬೇಕೆಂದು, ಕರೆ ಹೋಗುವ ಮೊದಲು ಫೋನು ಜೋರಾಗಿ ಕೂಗುತ್ತ ಐದು, ನಾಲ್ಕು, ಮೂರು ಎಂದು ಎಣಿಸುತ್ತದೆ. ಬ್ಯಾಗಿನಲ್ಲಿದ್ದ ಫೋನು ಕೂಗಿಕೊಂಡರೆ ತೆಗೆದು ನಿಲ್ಲಿಸಬಹುದು. ಸರಿ. ಆದರೆ ಬಚ್ಚಲುಮನೆಯ ಬಾಗಿಲು ಹಾಕಿಕೊಂಡು, ಆಚೆ ನಿಂತ ಮನುಷ್ಯನಿಗೆ ತಿಳಿಯಬಾರದೆಂದು ಉಸಿರು ಹಿಡಿದು ಮೂರು ಸಲ ಒತ್ತಿದವಳಿಗೆ? ಅವಳ ಫೋನೇ ಅವಳನ್ನು ಹಿಡಿದುಕೊಟ್ಟಂತೆ. ಆಪತ್ತು ಯಾವಾಗಲೂ ರಸ್ತೆಯಲ್ಲೇ ಇರುತ್ತದೆ ಎಂದುಕೊಂಡು ಮಾಡಿದ ವಿನ್ಯಾಸ ಅದು. ಮನೆಯೊಳಗಿನ ಆಪತ್ತಿಗೆ ಸದ್ದು ಆಗದು. ಐಫೋನಿನಲ್ಲಿ 2023ರಿಂದ "ಕಾಲ್ ಕ್ವಯಟ್ಲಿ" ಎಂಬ ಆಯ್ಕೆ ಇದೆ, ಎಚ್ಚರಿಕೆಯ ಸದ್ದಿಲ್ಲದೆ ಕರೆ ಹೋಗುತ್ತದೆ. ಆಂಡ್ರಾಯ್ಡ್‌ನಲ್ಲೂ ಆ ಸದ್ದನ್ನು ಆರಿಸಲು ಬರುತ್ತದೆ. ಯಾವುದು ಬೇಕು ಎಂಬುದು ನಿಮ್ಮ ನಿಮ್ಮ ಮನೆಯ, ದಾರಿಯ ಸ್ಥಿತಿಗೆ ಬಿಟ್ಟದ್ದು. ಸದ್ದಿರಬೇಕೋ ಬೇಡವೋ ಎಂದು ಫೋನು ಕೊಂಡ ದಿನವೇ ಕೇಳಬೇಕು, ಸೆಟ್ಟಿಂಗ್ಸ್‌ನ ಆಳದಲ್ಲಿ ಹೂತಿಡಬಾರದು ಎಂದು ನಾನು ವಾದಿಸುತ್ತೇನೆ. ಈ ವಾದ ಇನ್ನೂ ನಡೆಯುತ್ತಲೇ ಇದೆ.

ನಮ್ಮ ಎನ್‌ಸಿಆರ್‌ಗೆ ಮಾತ್ರ ಅನ್ವಯಿಸುವ ಒಂದು ವಿಷಯ. 112 ಒಂದೇ ಸಂಖ್ಯೆ, ಆದರೆ ಎತ್ತುವವರು ಬೇರೆ ಬೇರೆ. ದೆಹಲಿಯ ಕರೆ ದೆಹಲಿ ಪೊಲೀಸರಿಗೆ, ನೋಯ್ಡಾ, ಗಾಜಿಯಾಬಾದ್‌ನ ಕರೆ ಲಖನೌದ ಕೇಂದ್ರಕ್ಕೆ, ಗುರುಗ್ರಾಮ, ಫರಿದಾಬಾದ್‌ನದು ಪಂಚಕುಲಾಕ್ಕೆ. ಕಾಳಿಂದಿ ಕುಂಜ್, ಕಾಪಸ್‌ಹೇಡಾ ಕಡೆ ಓಡಾಡುವವರು ಗಡಿ ಯಾವಾಗ ದಾಟಿದೆವೆಂದು ನೋಡುತ್ತ ಕೂರುವುದಿಲ್ಲ. ಅದಕ್ಕೇ ಕರೆ ಸಿಕ್ಕಿದ ಕೂಡಲೇ ಮೊದಲು ಊರು, ಜಾಗ ಹೇಳಿ, ಹೆಸರು ಆಮೇಲೆ. ತಪ್ಪಿ ಕರೆ ಹೋದರೆ ಹೆದರಿ ಕತ್ತರಿಸಬೇಡಿ. "ಕೈ ತಪ್ಪಿ ಹೋಯಿತು, ನಾನು ಸುರಕ್ಷಿತವಾಗಿದ್ದೇನೆ" ಎಂದು ಹೇಳಿ ಇಡಿ. ಕತ್ತರಿಸಿದರೆ ಅವರು ಮತ್ತೆ ಕರೆ ಮಾಡಬೇಕಾಗುತ್ತದೆ, ಆ ಹೊತ್ತಿಗೆ ನಿಜವಾಗಿ ಬೇಕಾದವಳು ಇನ್ನೊಂದು ಸಾಲಿನಲ್ಲಿ ಕಾಯುತ್ತಿರಬಹುದು.

ಇನ್ನು ಮನೆಗೆ ಹೋಗಿ ಮಾಡಬಹುದಾದ್ದು ಹೇಳಿಬಿಡುತ್ತೇನೆ. ಫೋನನ್ನು ಬೀಗ ಹಾಕಿ ಮೇಜಿನ ಮೇಲಿಡಿ. ಮನೆಯವರೊಬ್ಬರಿಂದ ಒಂದು ವಾಟ್ಸ್ಆ್ಯಪ್ ಸಂದೇಶ ಕಳಿಸಲು ಹೇಳಿ. ಈಗ ನಿಮ್ಮ ಫೋನನ್ನು ಬೇರೆಯವರ ಕೈಗೆ ಕೊಟ್ಟು ಉತ್ತರ ಕಳಿಸಲು ಆಗುತ್ತದೆಯೇ ನೋಡಿ. ಮುಖ ನೋಡಿ ಬೀಗ ತೆರೆಯುವ ಫೋನಾದರೆ ನೀವು ಮುಖ ತಿರುಗಿಸಿಕೊಳ್ಳಬೇಕು, ಮರೆಯಬೇಡಿ! ಉತ್ತರ ಹೋದರೆ, ಐಫೋನಿನಲ್ಲಿ ಪಾಸ್‌ಕೋಡಿನ ಸೆಟ್ಟಿಂಗ್‌ನೊಳಗೆ "ರಿಪ್ಲೈ ವಿತ್ ಮೆಸೇಜ್" ಎಂಬುದನ್ನು ಆರಿಸಿ. ಆಂಡ್ರಾಯ್ಡ್‌ನಲ್ಲಿ ಲಾಕ್ ಸ್ಕ್ರೀನ್ ಸೂಚನೆಗಳ ಆಯ್ಕೆಯಲ್ಲಿ ಒಳವಿಷಯವನ್ನು ಬೀಗ ತೆರೆದಾಗ ಮಾತ್ರ ತೋರಿಸುವಂತೆ ಮಾಡಿ. ಓಟಿಪಿಯೂ ಅದರಿಂದ ಮರೆಯಾಗುತ್ತದೆ.

ಹಾಗೆಯೇ ಮನೆಯ ಹೆಣ್ಣುಮಕ್ಕಳೊಡನೆ ಒಂದು ಗುಟ್ಟಿನ ಮಾತು ಇಟ್ಟುಕೊಳ್ಳಿ. "ತಲುಪಿದೆಯಾ?" ಎಂದರೆ "ತಲುಪಿದೆ" ಅಲ್ಲ, ನಿಮ್ಮ ಮನೆಯವರಿಗಷ್ಟೇ ಗೊತ್ತಿರುವ ಬೇರೆ ಏನಾದರೂ. ನಮ್ಮ ಮನೆಯಲ್ಲಿ ಅದು ಒಂದು ತಿಂಡಿಯ ಹೆಸರು, ಯಾವುದೆಂದು ಹೇಳುವುದಿಲ್ಲ. ತುರ್ತು ಮಾಹಿತಿಯ ಜಾಗದಲ್ಲಿ ರಕ್ತದ ಗುಂಪು, ಇಬ್ಬರ ನಂಬರು ತುಂಬಿಡಿ. ಅದನ್ನು ಮಾತ್ರ ಕನ್ನಡದಲ್ಲಿ ಬರೆಯಬೇಡಿ, ಇಲ್ಲಿ ಎತ್ತಿ ಓದುವವರಿಗೆ ತಿಳಿಯಬೇಕಲ್ಲ. ಹಾಗೂ ನಿಮ್ಮ ಫೋನಿನಲ್ಲಿ ಪವರ್ ಬಟನ್ ಮೂರು ಸಲವೋ ಐದು ಸಲವೋ, ಸದ್ದಿದೆಯೋ ಇಲ್ಲವೋ, ಎಮರ್ಜೆನ್ಸಿ ಎಸ್‌ಓಎಸ್ ಪುಟದಲ್ಲಿ ಓದಿ ತಿಳಿದುಕೊಳ್ಳಿ. ಕೆಲಸಕ್ಕೆ ಬರುವವಳಿಗೂ ಅವಳ ಫೋನಿನಲ್ಲಿ ತೋರಿಸಿಕೊಡಿ.

ಪ್ರಶ್ನೆಗಳಿದ್ದರೆ ಕೇಳಿ. ಹಿಂದಿನ ಸಾಲಿನಲ್ಲಿ ಯಾರೋ ಆಗಲೇ ಫೋನು ಕೈಗೆತ್ತಿಕೊಂಡದ್ದು ಕಾಣಿಸುತ್ತಿದೆ. ದಯವಿಟ್ಟು ಓದಿ ಮಾತ್ರ ನೋಡಿ, ಇಲ್ಲಿ ಒತ್ತಿ ನೋಡಬೇಡಿ.